ಹಳೆಯ ಎಂಎಕ್ಸ್-5 ಕಾರಿಗೆ ಎಂಟು ಇಂಚು ಅಗಲದ ರಿಮ್ ಹೊಂದುತ್ತದೆಯೇ?

ಸ್ಟುಟ್‌ಗಾರ್ಟ್ ಸಮೀಪದಲ್ಲಿರುವ ನೀವು 1994ರ ಮಾಜ್ದಾ ಎಂಎಕ್ಸ್-5 ಕೊಂಡಿದ್ದೀರಿ. ಅದಕ್ಕೆ 15 ಇಂಚು ವ್ಯಾಸದ, 8 ಇಂಚು ಅಗಲದ, ಇಟಿ 20 ಎಂದು ಬರೆದಿರುವ ಹಳೆಯ ರಿಮ್‌ಗಳನ್ನು 195/50 ಟೈರ್ (195 ಮಿಲಿಮೀಟರ್ ಅಗಲ, ಪಕ್ಕೆಯ ಎತ್ತರ ಅಗಲದ ಶೇಕಡಾ 50) ಸಮೇತ ಒಬ್ಬರು ಮಾರುತ್ತಿದ್ದಾರೆ, ‘ನೇರವಾಗಿ ಕೂರುತ್ತದೆ’ ಎಂದೂ ಹೇಳುತ್ತಿದ್ದಾರೆ, ಅದನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ನನ್ನ ಬಳಿಯೂ ಅದೇ ತಲೆಮಾರಿನ ಕಾರು ಇದೆ; ಅದರ ಚಕ್ರ ಬದಲಿಸುವ ಮುನ್ನ ಈ ಲೆಕ್ಕಗಳನ್ನೆಲ್ಲ ಮಾಡಿದ್ದೇನೆ. ಆ ರಿಮ್‌ಗಳು ನಿಮ್ಮ ಹಬ್‌ನ (ಚಕ್ರವನ್ನು ಬಿಗಿಯುವ, ಅದರೊಂದಿಗೇ ತಿರುಗುವ ನಡುಭಾಗದ) ಮೇಲೆ ಕೂರುತ್ತವೆ, ಆದರೆ ನಿಮ್ಮ ಕಾರಿಗೆ ಹೊಂದುವುದಿಲ್ಲ. ಅವನ್ನು ಕೊಳ್ಳಬೇಡಿ ಎಂದೇ ನನ್ನ ಸಲಹೆ.

ಹಬ್‌ನ ಮೇಲೆ ಕೂರುವುದಕ್ಕೆ ಬೇಕಾದದ್ದು ಬಹಳ ಕಡಿಮೆ. ಚಕ್ರದ ನಟ್ ಕೂರುವ ನಾಲ್ಕು ಸ್ಟಡ್‌ಗಳು 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿದ್ದರೆ ಸಾಕು, ರಿಮ್ ಒಳಗೆ ಹೋಗುತ್ತದೆ. ಮಾರುವವರು ‘ನೇರವಾಗಿ’ ಎನ್ನುವಾಗ ಸಾಮಾನ್ಯವಾಗಿ ಇಷ್ಟನ್ನೇ ಹೇಳುತ್ತಿರುತ್ತಾರೆ. ನಿಜವಾಗಿ ನೋಡಬೇಕಾದದ್ದು ಆಫ್‌ಸೆಟ್, ಅಂದರೆ ಆ ಇಟಿ ಸಂಖ್ಯೆ. ರಿಮ್ ಹಬ್‌ಗೆ ತಾಗುವ ಮುಖ, ರಿಮ್‌ನ ಅಗಲದ ನಟ್ಟನಡುವಿನ ಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದನ್ನು ಅದು ತಿಳಿಸುತ್ತದೆ. ಅಗಲ ಹೆಚ್ಚಿಸಿದರೆ ರಿಮ್ ಎರಡೂ ಬದಿಗೆ ಸಮನಾಗಿ ಬೆಳೆಯುತ್ತದೆ. ಇಟಿ ಕಡಿಮೆ ಮಾಡಿದರೆ ಇಡೀ ಚಕ್ರವೇ ಹೊರಕ್ಕೆ ಸರಿಯುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕದೆ ಯಾವ ರಿಮ್‌ನ ಬಗೆಗೂ ತೀರ್ಮಾನಕ್ಕೆ ಬರಬಾರದು.

ನಿಮ್ಮ ಕಾರಿನ ಮೂಲ ಅಲ್ಯೂಮಿನಿಯಂ ರಿಮ್ 14 ಇಂಚು ವ್ಯಾಸದ್ದು, ಐದೂವರೆ ಇಂಚು ಅಗಲದ್ದು, ಇಟಿ 45, ಟೈರ್ 185/60. ಐದೂವರೆ ಇಂಚಿನ ಅರ್ಧ ಸುಮಾರು 70 ಮಿಲಿಮೀಟರ್, ಅದರಲ್ಲಿ 45 ಕಳೆದರೆ ರಿಮ್‌ನ ಹೊರ ಅಂಚು ಹಬ್‌ನ ಮುಖದಿಂದ 25 ಮಿಲಿಮೀಟರ್ ಆಚೆಗಿರುತ್ತದೆ. ಎಂಟು ಇಂಚಿನ ಅರ್ಧ ಸುಮಾರು 102 ಮಿಲಿಮೀಟರ್, ಅದರಲ್ಲಿ 20 ಕಳೆದರೆ 82. ಅಂದರೆ ಹೊರ ಅಂಚು ಈಗಿರುವುದಕ್ಕಿಂತ 57 ಮಿಲಿಮೀಟರ್ ಹೊರಗೆ ಬರುತ್ತದೆ. ಮೂಲ ಟೈರ್ ತನ್ನ ರಿಮ್‌ಗಿಂತ ಅಗಲವಾಗಿ ಉಬ್ಬಿಕೊಂಡಿರುವುದರಿಂದ ಟೈರಿನ ಹೊಟ್ಟೆಯನ್ನು ಟೈರಿನ ಹೊಟ್ಟೆಗೇ ಹೋಲಿಸಿದರೆ ವ್ಯತ್ಯಾಸ 40 ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಆದರೂ ಅದು ಸಣ್ಣದಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಿ: ಒಳಬದಿಯಲ್ಲಿ ಟೈರು ಸಸ್ಪೆನ್ಷನ್‌ನಿಂದ ಈಗಿರುವುದಕ್ಕಿಂತ ಸುಮಾರು 10 ಮಿಲಿಮೀಟರ್ ದೂರವೇ ಹೋಗುತ್ತದೆ. ಒಳಗಿರುವ ಜಾಗವನ್ನು ಖಾಲಿ ಬಿಟ್ಟು, ಜಾಗವೇ ಇಲ್ಲದ ಫೆಂಡರ್ (ಚಕ್ರವನ್ನು ಮುಚ್ಚುವ ಹೊರ ತಗಡು) ಕಡೆಗೆ ಟೈರನ್ನು ತಳ್ಳುವ ರಿಮ್ ಅದು.

ಟೈರಿನ ಅಳತೆಯಲ್ಲೂ ತೊಡಕಿದೆ. 195/50 ಆರ್15 ಟೈರನ್ನು ಐದೂವರೆಯಿಂದ ಏಳು ಇಂಚು ಅಗಲದ ರಿಮ್‌ಗೆ ಹಾಕಬಹುದೆಂಬುದು ಟೈರ್ ತಯಾರಕರ ಮಾನದಂಡ. ಎಂಟು ಇಂಚು ಆ ಮಿತಿಯ ಹೊರಗಿದೆ. ಎಳೆದು ಕೂರಿಸಿದ ಟೈರಿನ ಪಕ್ಕೆ ಓರೆಯಾಗಿ ನಿಲ್ಲುತ್ತದೆ, ರಿಮ್‌ನ ಅಂಚು ಬರಿದಾಗಿ ಹೊರಗುಳಿಯುತ್ತದೆ, ಕಾರು ನಿಲ್ಲಿಸುವಾಗ ಫುಟ್‌ಪಾತ್ ಕಲ್ಲಿಗೆ ಮೊದಲು ತಾಗುವುದು ಲೋಹವೇ. ಎಂಟು ಇಂಚಿಗೆ ಸರಿಹೊಂದುವ 225/45 ಆರ್15 ಹಾಕೋಣವೆಂದರೆ ಹಿಂದಿನ ಫೆಂಡರಿನ ಒಳ ಮಡಿಕೆಯನ್ನು ಮಡಚಿ ಒತ್ತದೆ ವಿಧಿಯಿಲ್ಲ.

ಆ ಮಡಿಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಕಾರಿಗೆ ನಿಜವಾದ ಹಾನಿಯಾಗುವುದು ಅಲ್ಲಿ. ಹಿಂದಿನ ಚಕ್ರದ ಕಮಾನಿನೊಳಗೆ ಬೆರಳಾಡಿಸಿದರೆ ಎರಡು ತಗಡುಗಳು ಸೇರಿ ಒಳಮುಖವಾಗಿ ಚಾಚಿಕೊಂಡಿರುವ ಅಂಚು ಸಿಗುತ್ತದೆ. ಎರಡರ ನಡುವೆ ನೀರು ಹೋಗದಂತೆ ಸೀಲಂಟ್ ತುಂಬಿರುತ್ತಾರೆ. ಅದನ್ನು ರೋಲರ್ ಹಾಕಿ ಮೇಲಕ್ಕೆ ಮಡಚಿದಾಗ, ಬಿಸಿ ಗಾಳಿಯಿಂದ ಬಣ್ಣವನ್ನು ಮೆದುಗೊಳಿಸಿಕೊಂಡೇ ಮಾಡಿದರೂ, ಮೂವತ್ತು ವರ್ಷ ಹಳೆಯ ಸೀಲಂಟ್ ಕೂದಲೆಳೆಯಷ್ಟಾದರೂ ಸೀಳುತ್ತದೆ. ಚಳಿಗಾಲದಲ್ಲಿ ಜರ್ಮನಿಯ ರಸ್ತೆಗಳಿಗೆ ಸುರಿಯುವ ಉಪ್ಪಿನ ನೀರು ಆ ಸೀಳಿನಲ್ಲಿ ನಿಂತರೆ ತುಕ್ಕು ಒಳಗಿನಿಂದ ಹಬ್ಬುತ್ತದೆ, ಹೊರಗಿನ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ತಗಡು ಮುಗಿದಿರುತ್ತದೆ. ಅಲ್ಲದೆ ಈ ತಲೆಮಾರಿನ ಕಾರುಗಳಲ್ಲಿ ಬಟ್ಟೆಯ ಮೇಲ್ಛಾವಣಿಯಿಂದ ಇಳಿಯುವ ನೀರಿನ ಕೊಳವೆ ಕಸ ಕಟ್ಟಿ ಮುಚ್ಚಿಕೊಂಡು, ಹಿಂದಿನ ಚಕ್ರದ ಮುಂಭಾಗದಲ್ಲಿ ಬಾಗಿಲ ಕೆಳಗಿನ ಪೊಳ್ಳು ತೊಲೆ ಒಳಗೊಳಗೇ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ರೋಗ. ಆದ್ದರಿಂದ ರಿಮ್‌ನ ಮಾತಿಗೆ ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ಆ ಭಾಗವನ್ನು ಮೆಲ್ಲಗೆ ಬಡಿದು ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಸದ್ದು ಮಂಕಾಗಿದ್ದರೆ ರಿಮ್‌ಗೆ ಇಟ್ಟ ಹಣವನ್ನು ವೆಲ್ಡಿಂಗ್‌ಗೆ ಕೊಡುವುದೇ ಸರಿ.

ಸವಾರಿಯಲ್ಲಿ ಆಗುವ ಬದಲಾವಣೆ ಇದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುತ್ತೇನೆ. ಇಟಿ 45ರಿಂದ 20ಕ್ಕೆ ಇಳಿದರೆ ಟೈರು ನೆಲವನ್ನು ಮುಟ್ಟುವ ಜಾಗದ ನಡುಬಿಂದು ಪ್ರತಿ ಬದಿಯಲ್ಲೂ 25 ಮಿಲಿಮೀಟರ್ ಹೊರಗೆ ಹೋಗುತ್ತದೆ. ಮುಂದಿನ ಚಕ್ರ ತಿರುಗುವ ಅಕ್ಷ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳ ಮೂಲಕ ಹಾದುಹೋಗಿ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುಬಿಂದುವಿಗೂ ಇರುವ ಅಂತರವನ್ನು ತಯಾರಕರು ಎಣಿಸಿಯೇ ಇಟ್ಟಿರುತ್ತಾರೆ. ಅದು ಹಿಗ್ಗಿದಷ್ಟೂ ರಸ್ತೆಯ ಪ್ರತಿ ಗುಂಡಿಯೂ, ಲಾರಿಗಳು ಓಡಿ ಬಿದ್ದ ಪ್ರತಿ ತೋಡೂ ಸ್ಟೀರಿಂಗನ್ನು ಎಳೆಯತೊಡಗುತ್ತದೆ, ಪವರ್ ಸ್ಟೀರಿಂಗ್ ಇಲ್ಲದ ಕಾರಾದರಂತೂ ಮಣಿಕಟ್ಟಿಗೇ ತಿಳಿಯುತ್ತದೆ. ವೀಲ್ ಬೇರಿಂಗ್‌ಗೂ ಅಷ್ಟೆ: ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಅಲ್ಲಿಯದೂ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಮೇಲೊಂದು, ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ವ್ಯವಸ್ಥೆ) ಕೊಟ್ಟು, ತೂಕವನ್ನು ಒಂದು ಟನ್ನಿನ ಆಸುಪಾಸಿನಲ್ಲೇ ಹಿಡಿದಿಟ್ಟು ಕಟ್ಟಿದ ಕಾರಿದು. ಇದರ ಸುಖವೆಲ್ಲ ಸ್ಟೀರಿಂಗ್ ಹೇಳುವ ಮಾತಿನಲ್ಲಿದೆ; ನೋಟಕ್ಕಾಗಿ ಆ ಮಾತನ್ನು ಕೆಡಿಸಿಕೊಳ್ಳುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗಾದರೆ ಏನು ಹಾಕಬೇಕು? 15 ಇಂಚು ವ್ಯಾಸ, 7 ಇಂಚು ಅಗಲ, ಇಟಿ 35ರಿಂದ 38, ಟೈರ್ ಅದೇ 195/50. ನನ್ನ ಕಾರಿನಲ್ಲಿರುವುದು ಇಟಿ 35. ಇದರಲ್ಲಿ ಟೈರಿನ ಒಳ ಅಂಚು ಮೂಲ ಸ್ಥಾನದಲ್ಲೇ ಇದ್ದಂತಾಗುತ್ತದೆ, ಹೊರ ಅಂಚು ಸುಮಾರು 20 ಮಿಲಿಮೀಟರ್ ಮಾತ್ರ ಹೊರಗೆ ಬಂದು ಕಮಾನನ್ನು ಚೆನ್ನಾಗಿ ತುಂಬುತ್ತದೆ, ಮಡಿಕೆಯನ್ನು ಮುಟ್ಟಬೇಕಾಗಿಲ್ಲ. ಟೈರಿನ ಒಟ್ಟು ವ್ಯಾಸ 576 ಮಿಲಿಮೀಟರ್, ಮೂಲದ್ದು 578. ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ತಿಳಿಯದು. ಭಾರ ಹೊರುವ ಸೂಚ್ಯಂಕ ಎರಡರದ್ದೂ ಸಾಮಾನ್ಯವಾಗಿ 82, ಅಂದರೆ ಪ್ರತಿ ಟೈರಿಗೆ 475 ಕಿಲೋ. ಕೊಳ್ಳುವಾಗ ರಿಮ್‌ನ ತೂಕವನ್ನೂ ಕೇಳಿ. ಮೂಲ ರಿಮ್ ಐದೂವರೆ ಕಿಲೋ ಆಸುಪಾಸಿನದು. ಎಂಟೊಂಬತ್ತು ಕಿಲೋ ತೂಗುವ ಅಗ್ಗದ ಎರಕದ ರಿಮ್ ಎಷ್ಟು ಚೆಂದವಿದ್ದರೂ ಹಿಂದಿರುಗಿಸಿಬಿಡಿ.

ಜರ್ಮನಿಯಲ್ಲಿ ಕಾಗದಪತ್ರದ ವಿಷಯವನ್ನು ಕೊನೆಗೆ ತಳ್ಳಬೇಡಿ. ರಿಮ್‌ನ ಮೇಲೆ ಕೆಬಿಎ (ಜರ್ಮನಿಯ ಮೋಟಾರು ವಾಹನ ಪ್ರಾಧಿಕಾರ) ಸಂಖ್ಯೆ ಅಚ್ಚಾಗಿರಬೇಕು, ಇಲ್ಲವೇ ನಿಮ್ಮ ಮಾದರಿಯ ಹೆಸರಿರುವ ಟೈಲೆಗುಟಾಖ್ಟೆನ್, ಅಂದರೆ ಬಿಡಿಭಾಗದ ತಜ್ಞರ ವರದಿ, ಜೊತೆಗಿರಬೇಕು. ಎರಡೂ ಇಲ್ಲದ ರಿಮ್‌ಗೆ ತ್ಯೂಫ್‌ನಂಥ ವಾಹನ ತಪಾಸಣಾ ಸಂಸ್ಥೆಯಲ್ಲಿ ಪ್ರತ್ಯೇಕ ತಪಾಸಣೆ ಮಾಡಿಸಬೇಕಾಗುತ್ತದೆ, ಒಪ್ಪಿಗೆಯಿಲ್ಲದೆ ಓಡಿಸಿದರೆ ಕಾರಿನ ಪರವಾನಗಿಯೇ ರದ್ದಾಗಬಹುದು. ಚಕ್ರದ ನಡುವಿನಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯವರೆಗೆ ಟೈರಿನ ಮೇಲ್ಮೈ ಫೆಂಡರಿನಿಂದ ಮುಚ್ಚಿರಬೇಕೆಂಬುದು ನಿಯಮ. ನಿಮಗೆ ಬಂದಿರುವ ರಿಮ್ ಎಡವುವುದು ಇಲ್ಲಿಯೇ. ಮೂವತ್ತು ವರ್ಷ ತುಂಬಿದ ಕಾರಿಗೆ ಸಿಗುವ ಎಚ್ ಅಕ್ಷರದ ನಂಬರ್ ಪ್ಲೇಟಿನ ಆಸೆ ಇದ್ದರೆ, ಆ ಕಾಲಕ್ಕೆ ಒಪ್ಪುವಂಥ ರಿಮ್‌ಗಳನ್ನೇ ಆರಿಸಿ. ಕೊಳ್ಳುವ ಮೊದಲೇ ಕಾಗದವನ್ನು ತಪಾಸಣಾಧಿಕಾರಿಗೆ ತೋರಿಸಿ ಕೇಳಿದರೆ ಅವರು ಸಾಮಾನ್ಯವಾಗಿ ಸಹನೆಯಿಂದಲೇ ಹೇಳುತ್ತಾರೆ.

ಇನ್ನು ಜೋಡಿಸುವ ಕೆಲಸ. ಮಾರುಕಟ್ಟೆಯ ರಿಮ್‌ಗಳ ನಡುವಿನ ರಂಧ್ರ ಹಲವೊಮ್ಮೆ 73.1 ಮಿಲಿಮೀಟರ್ ಇರುತ್ತದೆ, ನಿಮ್ಮ ಹಬ್ 54.1, ನಡುವೆ ಆ ಅಳತೆಯ ಉಂಗುರ ಹಾಕದಿದ್ದರೆ ರಿಮ್ ಕೇಂದ್ರದಲ್ಲಿ ಕೂರದೆ, ವೇಗ ಏರಿದಾಗ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಅದು ಹೋಗುವುದಿಲ್ಲ. ನಟ್‌ಗಳ ಬುಡದ ಆಕಾರ ರಿಮ್‌ನ ಗುಳಿಗೆ ಹೊಂದಬೇಕು. ಚಕ್ರ ಹಾಕಿದ ಮೇಲೆ ಫೆಂಡರಿನ ಅಂಚಿಗೆ ಮಕ್ಕಳು ಆಡುವ ಬಣ್ಣದ ಕ್ಲೇ ಮೆತ್ತಿ, ಮುಂದಿನ ಬಲ ಮತ್ತು ಹಿಂದಿನ ಎಡ ಚಕ್ರಗಳನ್ನು ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ಹತ್ತಿಸಿ. ಬಳಿಕ ಬದಿ ಬದಲಿಸಿ ಅದನ್ನೇ ಮಾಡಿ, ಎರಡು ಸಲವೂ ಸ್ಟೀರಿಂಗನ್ನು ಎರಡು ಕೊನೆಗಳವರೆಗೂ ತಿರುಗಿಸಿ. ಕ್ಲೇಯಲ್ಲಿ ಟೈರಿನ ಗುರುತು ಎಲ್ಲಿ ಬಿದ್ದಿದೆ, ಎಷ್ಟು ಆಳಕ್ಕೆ ಬಿದ್ದಿದೆ ಎಂಬುದು ಕಣ್ಣಳತೆಗಿಂತ ಖಚಿತವಾದ ಉತ್ತರ. ಮುಂಭಾಗದಲ್ಲಿ ಬಂಪರ್ ಮತ್ತು ಫೆಂಡರ್ ಸೇರುವ ಮೂಲೆಯನ್ನು ವಿಶೇಷವಾಗಿ ನೋಡಿ. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸುವ ಯೋಚನೆಯಿದ್ದರೆ ಮೊದಲು ತಗ್ಗಿಸಿ, ಆಮೇಲೆ ಅಳೆಯಿರಿ.

ಕೊನೆಗೆ ಅಲೈನ್‌ಮೆಂಟ್ ಮಾಡಿಸಿ; ಈ ಕಾರಿನಲ್ಲಿ ಹಿಂದಿನ ಚಕ್ರಗಳ ಕ್ಯಾಂಬರ್ (ನೆಟ್ಟಗಿನಿಂದ ಒಳಕ್ಕೋ ಹೊರಕ್ಕೋ ಇರುವ ಓರೆ) ಕೂಡ ಕೆಳಗಿನ ತೋಳಿನ ಬೋಲ್ಟ್‌ಗಳಲ್ಲೇ ಹೊಂದಿಸಬಹುದು, ಆದರೆ ಆ ಬೋಲ್ಟ್‌ಗಳು ತುಕ್ಕಿನಿಂದ ಕಚ್ಚಿಕೊಂಡಿರುವ ಸಾಧ್ಯತೆ ಇರುವುದರಿಂದ ಹಿಂದಿನ ದಿನವೇ ಎಣ್ಣೆ ಬಿಟ್ಟಿರಿ. ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ 110 ನ್ಯೂಟನ್ ಮೀಟರ್‌ಗೆ ಬಿಗಿದು, ಐವತ್ತು ಕಿಲೋಮೀಟರ್ ಓಡಿಸಿದ ಬಳಿಕ ಚಕ್ರ ತಣ್ಣಗಿರುವಾಗ ಮತ್ತೊಮ್ಮೆ ಪರೀಕ್ಷಿಸಿ.