ತಾತನ ನಂಬರು, ಅಪ್ಪನ ಪಿಪಿಓ, ಮಗನ ಸರ್ಟಿಫಿಕೇಟು

ಎರಡು ಮೂರು ತಲೆಮಾರು ಸೇನೆಯಲ್ಲಿ ದುಡಿದ ಮನೆಗಳಿಂದ ಬಂದ ನಾಲ್ಕು ಪ್ರಶ್ನೆಗಳಿಗೆ ಸೈನಿಕ ದಾಖಲೆ ಮತ್ತು ಪಿಂಚಣಿ ವಿಷಯ ಬಲ್ಲ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರಂತೆ. 1946ರಲ್ಲಿ ಮನೆಗೆ ಬಂದರು, ಪಿಂಚಣಿ ಇರಲಿಲ್ಲ. ಐನ್‌ಮನೆಯ (ಮನೆತನದ ಮೂಲಮನೆಯ) ಪೆಟ್ಟಿಗೆಯಲ್ಲಿ ಮೂರು ಪದಕ, ಒಂದು ಫೋಟೊ ಬಿಟ್ಟರೆ ಯಾವ ಕಾಗದವೂ ಇಲ್ಲ. ಅವರು ಯಾವ ದಳದಲ್ಲಿದ್ದರು ಎಂದು ಪತ್ತೆ ಮಾಡುವುದು ಹೇಗೆ? — ಸೋಮವಾರಪೇಟೆಯ ಓದುಗರು

ಮೊದಲು ಪದಕಗಳ ಅಂಚು ನೋಡಿ. ಭಾರತೀಯ ಸೇನೆಯ ಸಿಪಾಯಿಗಳಿಗೆ ಕೊಟ್ಟ ಪದಕಗಳ ಮೇಲೆ ಸಾಮಾನ್ಯವಾಗಿ ನಂಬರು, ಹುದ್ದೆ, ಹೆಸರು, ದಳ ಇಷ್ಟನ್ನೂ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ದುಂಡು ಪದಕದಲ್ಲಿ ಅದು ಅಂಚಿನ ಸುತ್ತ ಇರುತ್ತದೆ, ಆರು ಮೂಲೆಯ ಕಂಚಿನ ನಕ್ಷತ್ರದಲ್ಲಿ ಹಿಂಬದಿಯಲ್ಲಿ. ಅಕ್ಷರ ಸವೆದಿದ್ದರೆ ಉಜ್ಜಬೇಡಿ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಪದಕವನ್ನು ನಿಧಾನವಾಗಿ ತಿರುಗಿಸುತ್ತಾ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ.

ದಳದ ಹೆಸರು ಇಂಗ್ಲಿಷಿನಲ್ಲಿ ಮೊಟಕಾಗಿ ಇರುತ್ತದೆ. ಆರ್.ಐ.ಎ.ಎಸ್.ಸಿ. ಎಂದಿದ್ದರೆ ಸಾಗಣೆ, ರೇಷನ್ನು ನೋಡಿಕೊಳ್ಳುವ ಸರ್ವಿಸ್ ಕೋರ್. ಐ.ಎ.ಎಮ್.ಸಿ. ವೈದ್ಯಕೀಯ ದಳ. ಐ.ಇ.ಎಮ್.ಇ. ಎಂದರೆ ವಾಹನ, ಆಯುಧ ರಿಪೇರಿಯವರು. ಬರಿ ಐ.ಇ. ಇದ್ದರೆ ಎಂಜಿನಿಯರ್‌ಗಳು, ನಮ್ಮ ಕಡೆಯವರಾದರೆ ಬಹುಪಾಲು ಮದ್ರಾಸ್ ಸ್ಯಾಪರ್ಸ್. ಹುದ್ದೆಯ ಜಾಗದಲ್ಲಿ 'ಜಮಾದಾರ್' ಎಂದು ಕಂಡರೆ ಸಣ್ಣ ಕೆಲಸವೆಂದುಕೊಂಡು ಕೆಲವು ಮನೆಯವರು ಮುಜುಗರಪಟ್ಟು ಮುಚ್ಚಿಡುತ್ತಾರೆ, ಅದು ಬೇಡ. ಆಗಿನ ಸೇನೆಯ ಜಮಾದಾರ್ ಹವಾಲ್ದಾರನಿಗಿಂತ ಮೇಲಿನವನು. ಅದೇ ಹುದ್ದೆಗೆ 1965ರಿಂದ ನಾಯಬ್ ಸುಬೇದಾರ್ ಎಂಬ ಹೆಸರು.

ಬರ್ಮಾಕ್ಕೆ ಹೋಗಿದ್ದು ನಿಜವೇ ಎಂಬುದನ್ನೂ ಪದಕವೇ ಹೇಳುತ್ತದೆ. ಬರ್ಮಾ ಸ್ಟಾರ್ ಇದ್ದರೆ ಅನುಮಾನವಿಲ್ಲ: ಕಡುನೀಲಿ ರಿಬ್ಬನ್ನು, ನಡುವೆ ಅಗಲವಾದ ಕೆಂಪು ಪಟ್ಟಿ, ಎರಡೂ ಕಡೆಯ ನೀಲಿಯೊಳಗೆ ಒಂದೊಂದು ಕಿತ್ತಳೆ ಗೆರೆ. ವಾರ್ ಮೆಡಲ್ ಮಾತ್ರ ಇದ್ದರೆ ಅದು ಸಾಕ್ಷಿಯಾಗದು; ಯುದ್ಧದ ಅವಧಿಯಲ್ಲಿ 28 ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆಲ್ಲ ಅದು ಸಿಕ್ಕಿದೆ. ಇಂಡಿಯಾ ಸರ್ವಿಸ್ ಮೆಡಲ್ ಇದ್ದರೆ ಕನಿಷ್ಠ 3 ವರ್ಷ ಭಾರತದೊಳಗಿನ ಸೇವೆ ಎಂದರ್ಥ. ಫೋಟೊದಲ್ಲಿ ಭುಜದ ಕೆಳಗಿನ ಬಟ್ಟೆಯ ಗುರುತು ಕಾಣುತ್ತಿದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿ. ಕಪ್ಪು ಬೆಕ್ಕು 17ನೇ ಡಿವಿಜನ್ನಿನದು, ಕಠಾರಿ ಹಿಡಿದ ಕೈ 19ನೆಯದು, ಕಪ್ಪು ಹಿನ್ನೆಲೆಯ ಕೆಂಪು ಉಂಡೆ 5ನೆಯದು. ಮೂರೂ ಬರ್ಮಾದಲ್ಲಿ ಹೋರಾಡಿದವು.

ದಳ ಗೊತ್ತಾದ ಮೇಲೆ ಅದರ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ ಮತ್ತು ಸರ್ವಿಸ್ ಕೋರ್‌ಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ಊಟಿ ಹತ್ತಿರದ ವೆಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ಗೆ ಜಬಲ್‌ಪುರ, ವೈದ್ಯಕೀಯ ದಳಕ್ಕೆ ಲಖನೌ, ಇ.ಎಮ್.ಇ.ಗೆ ಸಿಕಂದರಾಬಾದ್. ಯುದ್ಧಕಾಲದ ಕೊಡಗು ಬೆಟಾಲಿಯನ್ ಆಮೇಲೆ ಫಿರಂಗಿ ದಳಕ್ಕೆ (ಆರ್ಟಿಲರಿ) ಸೇರಿಹೋಯಿತು. ತಾತ ಅದರಲ್ಲಿದ್ದರೆಂಬ ಮಾತು ಮನೆಯಲ್ಲಿದ್ದರೆ ಆರ್ಟಿಲರಿಗೂ ಒಂದು ಪತ್ರ ಹಾಕಿ.

ಹೆಚ್ಚಿನವರು ಸೋಲುವುದು ಪತ್ರದಲ್ಲಿ ಏನು ಕೇಳಬೇಕು ಎಂಬಲ್ಲಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಡತವನ್ನು 25 ವರ್ಷ ಇಟ್ಟು ನಾಶ ಮಾಡುವುದು ಸೇನೆಯ ನಿಯಮ. 1946ರಲ್ಲಿ ಬಂದ ನಿಮ್ಮ ತಾತನ ಕಡತ ಉಳಿದಿರುವ ಸಾಧ್ಯತೆ ಇಲ್ಲವೆನ್ನಬಹುದು. 'ಸೇವಾ ದಾಖಲೆ ಕೊಡಿ' ಎಂದು ಬರೆದರೆ 'ನಾಶವಾಗಿದೆ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಮನೆಯವರು ಅಲ್ಲಿಗೇ ಕೈಬಿಡುತ್ತಾರೆ. ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರು ಮಾತ್ರ ಕಾಯಂ ದಾಖಲೆ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ನಂಬರು, ಹೆಸರು, ಸೇರಿದ ದಿನ, ಬಿಡುಗಡೆಯ ದಿನ, ಕಾರಣ. ಆದ್ದರಿಂದ 'ಲಾಂಗ್ ರೋಲ್ ನಮೂದಿನ ದೃಢೀಕೃತ ವಿವರ ಕೊಡಿ' ಎಂದೇ ಸ್ಪಷ್ಟವಾಗಿ ಕೇಳಿ.

ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ, ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ. ನಂಬರೊಂದನ್ನೇ ಕೊಟ್ಟರೆ ಸಾಲದು. ಆಗ ನಂಬರು ಕೊಡುತ್ತಿದ್ದುದು ಆಯಾ ದಳದವರು, ಒಂದೇ ನಂಬರು ಬೇರೆ ದಳದಲ್ಲೂ ಇದ್ದೀತು. ತಾತನ ತಂದೆಯ ಹೆಸರು, ಊರು, ಅಂದಾಜು ವರ್ಷ ಸೇರಿಸಿ. ಊರಿನ ಹೆಸರನ್ನು ಆಗಿನ ರೂಪದಲ್ಲೂ ಬರೆಯಿರಿ: ಮಡಿಕೇರಿ ಆಗ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ, ವಿರಾಜಪೇಟೆ ವೀರರಾಜೇಂದ್ರಪೇಟೆ. ಹೆಸರಿನದು ಇನ್ನೂ ದೊಡ್ಡ ತೊಡಕು. ಕರಿಯಪ್ಪ ಎಂಬುದನ್ನು 'ಸಿ' ಅಕ್ಷರದಿಂದಲೂ ಬರೆದಿದ್ದಾರೆ, 'ಕೆ' ಅಕ್ಷರದಿಂದಲೂ ಬರೆದಿದ್ದಾರೆ. ಒಕ್ಕದ (ಕೊಡವ ಮನೆತನದ) ಹೆಸರು ಕೆಲವೆಡೆ ಮುಂದೆ, ಕೆಲವೆಡೆ ಹಿಂದೆ, ಕೆಲವೆಡೆ ಬರಿ ಇನಿಶಿಯಲ್. ಸಾಧ್ಯವಿರುವ ಮೂರು ನಾಲ್ಕು ರೂಪಗಳನ್ನು ಪತ್ರದಲ್ಲೇ ಪಟ್ಟಿ ಮಾಡಿ. ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ನಿಮ್ಮ ಆಧಾರ್ ಪ್ರತಿ ಲಗತ್ತಿಸಿ. ಎರಡು ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಅದರಲ್ಲೂ ನೀವು ಮೊಮ್ಮಗ ಎಂಬ ಪುರಾವೆ ಇರಲಿ. ಇಲ್ಲವಾದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ತಳ್ಳಿಹಾಕುತ್ತಾರೆ.

ಇಂಥದೇ ಹುಡುಕಾಟದಲ್ಲಿರುವ ಬೇರೆ ಓದುಗರಿಗೆ ಎರಡು ಮಾತು. ಮನೆಯ ಹಿರಿಯರು ಯುದ್ಧದಲ್ಲೇ ತೀರಿಕೊಂಡಿದ್ದರೆ ದಾರಿ ಸುಲಭ: ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಮಡಿದವರು ಅದರಲ್ಲಿ ಬರುತ್ತಾರೆ. ಬರ್ಮಾದಲ್ಲಿ ಸಮಾಧಿಯೇ ಸಿಗದವರದು ರಂಗೂನ್ ಸ್ಮಾರಕ. ಸುಮಾರು 27,000 ಹೆಸರುಗಳು ಅಲ್ಲಿ ಕೆತ್ತಿವೆ. ಇನ್ನು, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್‌ನಂಥವರು ಮಹಾರಾಜರ ಪಡೆಯವರು, ಬ್ರಿಟಿಷ್ ಇಂಡಿಯಾ ಸೇನೆಯವರಲ್ಲ. ಅವರ ಹುಡುಕಾಟವನ್ನು ಕರ್ನಾಟಕ ರಾಜ್ಯ ಪತ್ರಾಗಾರದಿಂದ ಶುರುಮಾಡಬೇಕು.

ಪ್ರಶ್ನೆ: ಅಪ್ಪ ಹವಾಲ್ದಾರರಾಗಿ 1984ರಲ್ಲಿ ನಿವೃತ್ತರಾದರು, ಮೊನ್ನೆ ತೀರಿಕೊಂಡರು. ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶ) ಅವ್ವನ ಹೆಸರು ಗಂಗವ್ವ ಎಂದಿದೆ, ಆಧಾರಿನಲ್ಲಿ ಗಂಗಾಬಾಯಿ. ಪಿಂಚಣಿ ಬರುತ್ತದೆಯೇ? ಹುಟ್ಟಿನಿಂದ ಅಂಗವಿಕಲನಾದ ತಮ್ಮನೂ ಮನೆಯಲ್ಲಿದ್ದಾನೆ. — ಬೈಲಹೊಂಗಲದ ಓದುಗರು

ಬರುತ್ತದೆ. ಮೊದಲು ಮಾಡಬೇಕಾದ್ದು, ಅಪ್ಪನ ಖಾತೆಯಿಂದ ಎಟಿಎಂನಲ್ಲಿ ಹಣ ತೆಗೆಯುವುದನ್ನು ಇವತ್ತೇ ನಿಲ್ಲಿಸಿ. ಮರಣದ ನಂತರ ಜಮೆಯಾದ ಪಿಂಚಣಿಯನ್ನು ಪೂರ್ತಿ ವಾಪಸು ಹಿಡಿಯುತ್ತಾರೆ. ಆ ವಸೂಲಿ ಅವ್ವನ ಕುಟುಂಬ ಪಿಂಚಣಿಯ ಮೊದಲ ಕಂತುಗಳಿಗೇ ಬೀಳಬಹುದು. ಮರಣ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಸೇನಾ ಪಿಂಚಣಿ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್‌ನಲ್ಲಿ ಅಥವಾ ಅದರ ಸೇವಾ ಕೇಂದ್ರದಲ್ಲಿ ಮರಣ ವರದಿ ಮಾಡಿಸಿ.

ಹೆಸರಿನ ವಿಚಾರ. ಪಿಪಿಓದಲ್ಲಿ ಅವ್ವನ ಹೆಸರು ಯಾವುದೋ ರೂಪದಲ್ಲಿ ಇರುವುದೇ ಪುಣ್ಯ. ಹಳೆಯ ಪಿಪಿಓಗಳಲ್ಲಿ ಹಲವಕ್ಕೆ ಹೆಂಡತಿಯ ಹೆಸರೇ ಇರುವುದಿಲ್ಲ. ಆಗ ಮದುವೆಯ ಪುರಾವೆಯೊಂದಿಗೆ ರೆಕಾರ್ಡ್ ಆಫೀಸಿನಿಂದ ಹೊಸದಾಗಿ ನಮೂದಾಗಿ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮದು ಒಬ್ಬರೇ ವ್ಯಕ್ತಿಯ ಎರಡು ಹೆಸರು. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್, ಆಧಾರ್, ಪ್ಯಾನ್, ಅಪ್ಪನ ಡಿಸ್ಚಾರ್ಜ್ ಪುಸ್ತಕದಲ್ಲಿ ಕುಟುಂಬದ ವಿವರವಿರುವ ಪುಟ, ಇವನ್ನು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿ. ಅಲ್ಲಿಂದ ತಿದ್ದುಪಡಿ ಪಿಪಿಓ ಬರುತ್ತದೆ. ಅವಸರದಲ್ಲಿ ಆಧಾರಿನ ಹೆಸರನ್ನು ಬದಲಿಸಲು ಓಡಬೇಡಿ; ಆಗ ಬ್ಯಾಂಕು, ಪ್ಯಾನು, ರೇಷನ್ ಕಾರ್ಡು ಎಲ್ಲ ಕಡೆ ಹೊಸ ಗೊಂದಲ ಹುಟ್ಟುತ್ತದೆ.

ಜನ್ಮದಿನಾಂಕವನ್ನೂ ಈಗಲೇ ಸರಿಮಾಡಿಸಿ. ಕುಟುಂಬ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50 ಹೆಚ್ಚುವರಿ ಸಿಗುತ್ತದೆ, 100ಕ್ಕೆ ಇಮ್ಮಡಿಯಾಗುತ್ತದೆ. ಪಿಪಿಓದಲ್ಲಿ ಹುಟ್ಟಿದ ದಿನ ಖಾಲಿ ಇದ್ದರೆ 80 ದಾಟಿದ ಮೇಲೂ ಆ ಹಣ ಬರುವುದಿಲ್ಲ, ಯಾರೂ ಕರೆದು ಹೇಳುವುದೂ ಇಲ್ಲ. ಅಪ್ಪನಿಗಿಂತ ಅವ್ವನಿಗೆ ಕಡಿಮೆ ಬಂದರೆ ತಪ್ಪೆಂದು ಗಾಬರಿಯಾಗಬೇಡಿ. ಸೇವಾ ಪಿಂಚಣಿಯ ಲೆಕ್ಕ ಸಂಬಳದ ಶೇ 50, ಸಾಮಾನ್ಯ ಕುಟುಂಬ ಪಿಂಚಣಿಯದು ಶೇ 30. ಮೂಲ ಪಿಂಚಣಿ 9,000 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ, ಅದರ ಮೇಲೆ ತುಟ್ಟಿಭತ್ಯೆ.

ತಮ್ಮನ ವಿಷಯವನ್ನು ದಯವಿಟ್ಟು ಮುಂದೂಡಬೇಡಿ. ದುಡಿಯಲಾರದ ಅಂಗವಿಕಲ ಮಗನಿಗೆ ಅವ್ವನ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿಯ ಹಕ್ಕಿದೆ. ಆದರೆ ಅವನ ಹೆಸರು ಅಪ್ಪನ ಸೇವಾ ದಾಖಲೆಯಲ್ಲಿ ಇರಬೇಕು, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು. ಅವ್ವ ಇರುವಾಗಲೇ ಅವರ ಸಹಿಯಿಂದ ಅರ್ಜಿ ಹಾಕಿ ಪಿಪಿಓದಲ್ಲಿ ತಮ್ಮನ ಹೆಸರು ಸೇರಿಸಿಕೊಳ್ಳಿ. ಇಬ್ಬರೂ ಹೋದ ಮೇಲೆ ಅಣ್ಣತಮ್ಮಂದಿರು ಓಡಾಡಿ ಇದನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಪ್ರಶ್ನೆ: ನಮ್ಮ ತಂದೆ ಸುಬೇದಾರ್, ನಾನು ಸೇನೆಗೆ ಹೋಗಲಿಲ್ಲ. ನನ್ನ ಮಗ ಅಗ್ನಿವೀರನಾಗಲು ತಯಾರಿ ಮಾಡುತ್ತಿದ್ದಾನೆ. ತಾತನ ಸೇವೆಗೆ ಅವನಿಗೆ ರಿಯಾಯಿತಿ ಇದೆಯೇ? — ಅರಕಲಗೂಡಿನ ಓದುಗರು

ಇಲ್ಲ. ಬೋನಸ್ ಅಂಕ ಮತ್ತು ದೈಹಿಕ ಅಳತೆಯ ರಿಯಾಯಿತಿ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಮಾತ್ರ, ಮೊಮ್ಮಕ್ಕಳಿಗೆ ಬರುವುದಿಲ್ಲ. ಒಂದು ತಲೆಮಾರು ಬಿಟ್ಟುಹೋದರೆ ಆ ಕೊಂಡಿ ಕಳಚಿದಂತೆಯೇ. ನಿಮ್ಮ ಮಗ ಸಾಮಾನ್ಯ ಅಭ್ಯರ್ಥಿಯಾಗಿಯೇ ಓಡಬೇಕು: 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 10 ಪುಲ್ಅಪ್‌ಗೆ 40.

ತಂದೆಯೇ ಸೈನಿಕರಾಗಿರುವ ಮನೆಗಳಲ್ಲಿ ಲಿಖಿತ ಪರೀಕ್ಷೆಗೆ 20 ಬೋನಸ್ ಅಂಕವಿದೆ. ಎತ್ತರದಲ್ಲಿ 2 ಸೆಂಟಿಮೀಟರ್, ಎದೆಯಲ್ಲಿ 1 ಸೆಂಟಿಮೀಟರ್, ತೂಕದಲ್ಲಿ 2 ಕಿಲೋ ಸಡಿಲಿಕೆ ಇದೆ. ಸೈನಿಕರ ಮನೆಯವರಿಗೆಂದು ರೆಜಿಮೆಂಟಲ್ ಸೆಂಟರುಗಳು ನಡೆಸುವ ಯೂನಿಟ್ ಹೆಡ್‌ಕ್ವಾರ್ಟರ್ಸ್ ಕೋಟಾ ರ‍್ಯಾಲಿಗೆ ಸೈನಿಕರ ಸ್ವಂತ ತಮ್ಮಂದಿರೂ ಹೋಗಬಹುದು. ಇದಕ್ಕೆಲ್ಲ ರೆಕಾರ್ಡ್ ಆಫೀಸ್ ಕೊಟ್ಟ ರಿಲೇಷನ್‌ಶಿಪ್ ಸರ್ಟಿಫಿಕೇಟು ಬೇಕು. ಡಿಸ್ಚಾರ್ಜ್ ಪುಸ್ತಕದ ಮೂಲಪ್ರತಿಯನ್ನೂ ಜೊತೆಗೆ ಒಯ್ಯಿರಿ. ರ‍್ಯಾಲಿ ಮೈದಾನದಿಂದ ಹುಡುಗರು ವಾಪಸಾಗುವುದು ಬಹಳ ಸಲ ಇಲ್ಲೇ: ತಂದೆಯ ದಾಖಲೆಯಲ್ಲಿರುವ ಮಗನ ಹುಟ್ಟಿದ ದಿನ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದು ಇನ್ನೊಂದು. ಮಗ 8ನೇ ತರಗತಿಯಲ್ಲಿರುವಾಗಲೇ ತಂದೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಇನ್ನೊಂದು ವಿಷಯ ಮನೆಯಲ್ಲಿ ಕೂತು ಮಾತಾಡಿ. ತಾತನಿಗೆ ಪಿಂಚಣಿ ಬಂತು, ಇವನಿಗೂ ಬರುತ್ತದೆ ಎಂಬ ಲೆಕ್ಕದಲ್ಲಿ ಸಾಲ ಮಾಡಿ ಅಕಾಡೆಮಿಗಳಿಗೆ ಸೇರಿಸುವವರಿದ್ದಾರೆ. ಅಗ್ನಿವೀರರ ಸೇವೆ 4 ವರ್ಷ. ಕಾಯಂ ಆಗುವವರು ಹೆಚ್ಚೆಂದರೆ ಶೇ 25. ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಆಸೆಯಿಂದ ಹೋಗಲಿ, ಹೆಮ್ಮೆಯಿಂದ ಹೋಗಲಿ. ಇದು ತಿಳಿದಿದ್ದು ಹೋಗಲಿ.

ಪ್ರಶ್ನೆ: ತಾತನ ಪದಕ, ಪತ್ರ, ಉಣ್ಣೆಯ ಕೋಟು ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತಿವೆ. ಕಾಪಾಡುವುದು ಹೇಗೆ? — ಭಾಗಮಂಡಲದ ಓದುಗರು

ಪದಕಕ್ಕೆ ಹುಣಸೆಹಣ್ಣು, ಬ್ರಾಸೊ ಯಾವುದೂ ಬೇಡ. ಪ್ರತಿ ಸಲ ತಿಕ್ಕಿದಾಗಲೂ ಅಂಚಿನ ನಂಬರು ಒಂದಿಷ್ಟು ಸವೆಯುತ್ತದೆ, ಮೇಲೆ ಹೇಳಿದ ಹುಡುಕಾಟಕ್ಕೆ ಇರುವ ದೊಡ್ಡ ಆಧಾರವೇ ಅದು. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಸುತ್ತಿಡಿ.

ಪತ್ರ, ಡಿಸ್ಚಾರ್ಜ್ ಪುಸ್ತಕಗಳನ್ನು ಲ್ಯಾಮಿನೇಟ್ ಮಾಡಿಸಲೇಬಾರದು. ಬಿಸಿಗೆ ಶಾಯಿ ಹಾಳಾಗುತ್ತದೆ, ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಮೇ ತಿಂಗಳ ಒಣ ದಿನದಲ್ಲಿ ನೆರಳಿನಲ್ಲಿ ಆರಿಸಿ, ಸ್ಕ್ಯಾನ್ ಮಾಡಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಡಬ್ಬಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ತೇವ ಗೋಡೆಯಿಂದಲೇ ಬರುತ್ತದೆ. ಕೋಟನ್ನು ತಂತಿಯ ಹ್ಯಾಂಗರಿಗೆ ತೂಗುಹಾಕಿದರೆ ಹಳೆಯ ಉಣ್ಣೆ ಭುಜದಲ್ಲಿ ಹರಿಯುತ್ತದೆ; ಮಡಿಕೆಗಳೊಳಗೆ ಬಿಳಿ ಹತ್ತಿ ಬಟ್ಟೆಯ ಉಂಡೆ ಇಟ್ಟು ಮಲಗಿಸಿಡಿ.

ಮನೆಯಲ್ಲಿ ಸೇನೆಯಲ್ಲಿದ್ದ ಇನ್ನೊಬ್ಬ ಹಿರಿಯರು ಈಗಲೂ ಇದ್ದರೆ ಮೊಬೈಲಿನಲ್ಲಿ ಅವರ ಮಾತು ಧ್ವನಿಮುದ್ರಿಸಿ. ಯುದ್ಧದ ಕಥೆಯಿಂದ ಶುರುಮಾಡಬೇಡಿ. 'ನಿಮ್ಮ ನಂಬರು ಏನು, ಯಾವ ಸೆಂಟರಿನಲ್ಲಿ ಟ್ರೇನಿಂಗು, ಕಸಮ್ ಪರೇಡು (ತರಬೇತಿ ಮುಗಿದಾಗಿನ ಪ್ರಮಾಣವಚನ) ಯಾವ ವರ್ಷ, ಜೊತೆಗಿದ್ದವರು ಯಾವ ಊರಿನವರು' ಎಂದು ಕೇಳಿ. ಹೆಂಡತಿ ಮಕ್ಕಳ ಹುಟ್ಟುಹಬ್ಬ ಮರೆತವರೂ ನಂಬರನ್ನು ತಟ್ಟನೆ ಹೇಳುತ್ತಾರೆ. ಅದನ್ನು ಬರೆದ ಚೀಟಿಯೊಂದನ್ನು ಪದಕದ ಡಬ್ಬಿಯೊಳಗೇ ಹಾಕಿಡಿ.