ಎಲ್ಲರ ಕಣ್ಣಿಗೆ ಬೀಳುವುದರಿಂದ ಲಿಂಗತ್ವ ಅಲ್ಪಸಂಖ್ಯಾತರಿಗೆ ಒಳಿತಾಗಿದೆಯೇ?

ಹಕ್ಕುಗಳ ಮಟ್ಟಿಗೆ ಖಂಡಿತ ಆಗಿದೆ. ತೃತೀಯ ಲಿಂಗವನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ 2014ರ ತೀರ್ಪಾಗಲಿ, ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ 2021ರಲ್ಲಿ ಬಂದ ಶೇ 1ರ ಮೀಸಲಾತಿಯಾಗಲಿ, ಇವರು ಮರೆಯಲ್ಲೇ ಉಳಿದಿದ್ದರೆ ಬರುತ್ತಿರಲಿಲ್ಲ. ಆದರೆ ಲಿಂಗತ್ವ ಅಲ್ಪಸಂಖ್ಯಾತರೇ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟ ಹಾಸನದ ಮನೆ ಮಾಲೀಕರೊಬ್ಬರು, ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ತೂಗುತ್ತಿರುವಾಗಲೇ, ನನ್ನ ಜೊತೆ ಬಂದಿದ್ದ ಗೆಳತಿಯ ದನಿ ಕೇಳಿದೊಡನೆ ‘ನಿನ್ನೆಯೇ ಅಡ್ವಾನ್ಸ್ ಆಗಿದೆ’ ಎಂದು ಬಾಗಿಲು ಹಾಕಿಕೊಂಡರು. ಹಾಸನಾಂಬೆಯ ದರ್ಶನದ ಸಾಲಿನಲ್ಲಿ ಹಿಂದೆ ಯಾರ ಗಮನಕ್ಕೂ ಬಾರದೆ ನಿಲ್ಲುತ್ತಿದ್ದ ಈ ಸಮುದಾಯದವರತ್ತ ಈಗ ಮೊಬೈಲುಗಳು ತಿರುಗುತ್ತವೆ. (ಆಶೀರ್ವಾದ ಕೇಳುವವರೂ ಇದ್ದಾರೆ, ಅದೂ ದೂರವಿಡುವ ಒಂದು ಬಗೆಯೆಂದೇ ನನಗನ್ನಿಸುತ್ತದೆ.) ಹೀಗೆ ಅಪರಿಚಿತರು ತೆಗೆದ ವಿಡಿಯೊ, ಮನೆಯವರಿಗೆ ಇನ್ನೂ ಹೇಳದವರ ಗುರುತನ್ನು ಊರಿಗೆಲ್ಲ ಬಯಲು ಮಾಡಿಬಿಡಬಲ್ಲದು.