ಓದುಗರ ಪ್ರಶ್ನೆ: ಮನೆಯ ಕಂಪ್ಯೂಟರ್ ನಿಧಾನವಾಗಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ 2017ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಏಳನೇ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸ್ವಿಚ್ ಹಾಕಿದ ಮೇಲೆ ಕೆಲಸಕ್ಕೆ ಒದಗಲು ಏಳೆಂಟು ನಿಮಿಷ ಬೇಕು. ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ನಾನು ನಿವೃತ್ತ ಶಿಕ್ಷಕ. ಪಿಂಚಣಿಯ ಹಣದಲ್ಲಿ ಅಷ್ಟು ವೆಚ್ಚ ಮಾಡಲೇಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗುರುಗಳೇ, ಹೊಸದನ್ನು ಕೊಳ್ಳುವ ಯೋಚನೆಯನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರ ಓದಿದ ಕೂಡಲೇ ನನ್ನ ಅನುಮಾನ ಹಾರ್ಡ್ ಡಿಸ್ಕಿನ ಮೇಲೆ ಹೋಯಿತು. ಆದರೆ ಬರೀ ಅನುಮಾನದ ಮೇಲೆ ಹಣ ಹಾಕುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕಂಪ್ಯೂಟರ್ ಹೀಗೆಯೇ ತೆವಳತೊಡಗಿದಾಗ ನಾನು ಮೊದಲು, ನಡೆಯುತ್ತಿರುವ ಕೆಲಸದ ಮಾಹಿತಿ ಇಡುವ ತಾತ್ಕಾಲಿಕ ನೆನಪಾದ ರ‍್ಯಾಮ್ ಹಾಕಿಸಿದೆ. ಏಳು ನಿಮಿಷ ಹಿಡಿಯುತ್ತಿದ್ದದ್ದು ಆರಕ್ಕೆ ಇಳಿಯಿತು, ಅಷ್ಟೇ. ಯಾವ ಭಾಗದಿಂದಾಗಿ ಉಳಿದ ಭಾಗಗಳು ಕಾದು ಕೂರಬೇಕಾಗಿದೆ ಎಂಬುದನ್ನು ಅಳೆದು ನೋಡದೆ ಮಾಡಿದ ಖರ್ಚು ಅದು. ಅಳೆಯಲು ಬೇಕಾದ ಸಾಧನ ವಿಂಡೋಸ್‌ನಲ್ಲಿಯೇ ಇದೆ.

ಕಂಪ್ಯೂಟರ್ ಹಾಕಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಚಿಕ್ಕದಾಗಿ ತೆರೆದರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ. ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಕಲಮುಗಳು ಕಾಣುತ್ತವೆ. ಐದು ನಿಮಿಷ ಬೇರೇನನ್ನೂ ಮುಟ್ಟದೆ ಆ ಅಂಕಿಗಳನ್ನು ಮಾತ್ರ ನೋಡುತ್ತಾ ಕುಳಿತುಕೊಳ್ಳಿ. ಸಿಪಿಯು ಶೇ 15–20ರ ಆಸುಪಾಸಿನಲ್ಲಿದ್ದು, ಡಿಸ್ಕ್ ಮಾತ್ರ ಶೇ 100ರಲ್ಲಿ ಕೆಂಪಾಗಿ ನಿಂತುಬಿಟ್ಟಿದ್ದರೆ ನಿಮ್ಮ ಪ್ರೊಸೆಸರ್ ಮುದಿಯಾಗಿಲ್ಲ, ಅದು ಕೆಲಸವಿಲ್ಲದೆ ಕಾಯುತ್ತಿದೆ ಎಂದೇ ಅರ್ಥ.

ಕಾಯುವುದೇಕೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳೂ ಅವುಗಳ ಮೇಲೆ ಅತ್ತಿತ್ತ ಓಡಾಡುವ ಒಂದು ತೋಳೂ ಇವೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು; ತೋಳು ಸರಿಯಾದ ಜಾಗಕ್ಕೆ ಸರಿದು, ಬೇಕಾದ ಮಾಹಿತಿ ಅದರ ಕೆಳಗೆ ಬರುವ ತನಕ ಕಾಯುವುದೆಲ್ಲ ಸೇರಿದರೆ, ಬೇರೆ ಬೇರೆ ಕಡೆ ಚದುರಿರುವ ಚೂರುಗಳನ್ನು ಸೆಕೆಂಡಿಗೆ ನೂರರಷ್ಟು ಬಾರಿ ಓದುವುದೇ ಅದಕ್ಕೆ ಹೆಚ್ಚು. ವಿಂಡೋಸ್ ಏಳುವಾಗ ಇಂಥ ಸಣ್ಣ ಚೂರುಗಳನ್ನು ಸಾವಿರಗಟ್ಟಲೆ ಕೇಳುತ್ತದೆ. ಹಾರ್ಡ್ ಡಿಸ್ಕಿನ ಬದಲು ಬಳಸುವ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ ಅದೇ ಕೆಲಸ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ನಡೆಯುತ್ತದೆ. ನಿಮ್ಮ 4 ಜಿಬಿ ರ‍್ಯಾಮ್ ಈ ತೊಂದರೆಯನ್ನು ಇಮ್ಮಡಿ ಮಾಡುತ್ತದೆ, ಏಕೆಂದರೆ ವಿಂಡೋಸ್ ಮತ್ತು ಬ್ರೌಸರ್ ಸೇರಿ ರ‍್ಯಾಮ್ ತುಂಬಿದಾಗ ಹಿಡಿಸದೆ ಉಳಿದದ್ದನ್ನು ಅದೇ ನಿಧಾನದ ಡಿಸ್ಕಿಗೆ ಬರೆದು, ಬೇಕಾದಾಗ ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ: ಮೊದಲು 240 ಅಥವಾ 500 ಜಿಬಿಯ, ಹಾರ್ಡ್ ಡಿಸ್ಕಿನಂಥದೇ ಕೇಬಲ್ಲಿಗೆ ಜೋಡಿಸುವ ಒಂದು ಸಾಟಾ ಎಸ್ಎಸ್‌ಡಿ ಹಾಕಿಸಿ, ವಿಂಡೋಸ್ ಅದರಲ್ಲಿರಲಿ, ಹಳೆಯ ಹಾರ್ಡ್ ಡಿಸ್ಕ್ ಫೋಟೊ, ವಿಡಿಯೊಗಳಿಗಾಗಿ ಪೆಟ್ಟಿಗೆಯಲ್ಲಿಯೇ ಉಳಿಯಲಿ. ಆಮೇಲೆ, ಕೈಲಾದಾಗ, ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಮೆಮೊರಿಯನ್ನು ಆರಿಸಿದರೆ ಎರಡು ಸ್ಲಾಟುಗಳಲ್ಲಿ ಒಂದು ಖಾಲಿ ಇದೆಯೇ ಎಂಬುದನ್ನು ಅದೇ ಬರೆದು ತೋರಿಸುತ್ತದೆ; ಆ ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಅಂಗಡಿಗೆ ಹೋಗಿ.

ಇಷ್ಟಕ್ಕೆ ಮೊದಲು ಒಂದು ಕೆಲಸ ತಪ್ಪದೆ ಮಾಡಬೇಕು. ಡಿಸ್ಕ್ ಕೇವಲ ನಿಧಾನವಾಗಿದೆಯೋ ಅಥವಾ ಸಾಯುತ್ತಿದೆಯೋ ಎಂಬುದನ್ನು ತಿಳಿಯಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ‘ಗುಡ್’, ‘ಕಾಷನ್’, ‘ಬ್ಯಾಡ್’ ಎಂದು ತೋರಿಸುತ್ತದೆ. ‘ಕಾಷನ್’ ಎಂದು ಹಳದಿ ಬಣ್ಣ ಬಂದಿದ್ದರೆ, ಅಥವಾ ಪೆಟ್ಟಿಗೆಗೆ ಕಿವಿಗೊಟ್ಟಾಗ ಗಡಿಯಾರದಂತೆ ಟಕ್ ಟಕ್ ಸದ್ದು ಕೇಳಿಸಿದರೆ, ಡಿಫ್ರಾಗ್ (ಚದುರಿದ ಚೂರುಗಳನ್ನು ಒಂದೆಡೆ ಜೋಡಿಸುವುದು) ಮಾಡುವುದಾಗಲಿ ಸ್ಕ್ಯಾನ್ ಮಾಡುವುದಾಗಲಿ ಬೇಡವೇ ಬೇಡ. ಮೊಮ್ಮಕ್ಕಳ ಫೋಟೊಗಳನ್ನೂ ದಾಖಲೆಪತ್ರಗಳನ್ನೂ ಅಂದೇ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅಂಥ ಡಿಸ್ಕನ್ನು ಫೋಟೊ ಇಡುವುದಕ್ಕೂ ಉಳಿಸಿಕೊಳ್ಳಬೇಡಿ.

ಖರ್ಚಿಲ್ಲದೆ ಆಗುವ ಒಂದು ಸುಧಾರಣೆಯೂ ಇದೆ. ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಕಂಪ್ಯೂಟರ್ ಏಳುವಾಗಲೇ ತಾವೂ ಏಳುವ ತಂತ್ರಾಂಶಗಳ ಹೆಸರುಗಳಿರುತ್ತವೆ. ಪ್ರಿಂಟರಿನ ಸಹಾಯಕ, ವಿಡಿಯೊ ಕರೆಯ ಆ್ಯಪ್, ಹಾಡಿನ ಆ್ಯಪ್ ಮುಂತಾದವುಗಳ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ ‘ಡಿಸೇಬಲ್’ ಮಾಡಿ. ಇದರಿಂದ ಅವು ಅಳಿಸಿಹೋಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತವೆ. ಎರಡು ಆ್ಯಂಟಿವೈರಸ್‌ಗಳಿದ್ದರೆ ಒಂದನ್ನು ತೆಗೆಯಿರಿ. ಒಂದೇ ಕಡತವನ್ನು ಎರಡೂ ತಪಾಸಣೆ ಮಾಡುತ್ತಾ ಕೂರುತ್ತವೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್ಎಸ್‌ಡಿಯೂ 16 ಜಿಬಿ ರ‍್ಯಾಮ್ ಕೂಡ ಇದೆ. ಮೊದಲ ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಫ್ಯಾನ್ ಜೋರಾಗಿ ಕೂಗುತ್ತದೆ, ಎಲ್ಲವೂ ನಿಧಾನವಾಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೂ ಸರಿಹೋಗಿಲ್ಲ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅರ್ಧ ಗಂಟೆ ಎಂಬ ನಿಮ್ಮ ಮಾತಿನಲ್ಲಿಯೇ ಉತ್ತರವಿದೆ. ತಂತ್ರಾಂಶದ ದೋಷ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಶಾಖ ಬರುತ್ತದೆ. ಪ್ರೊಸೆಸರಿನ ಉಷ್ಣಾಂಶ 95–100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಸ್ಪೀಡ್’ ಎಂಬ ಅಂಕಿಯನ್ನು ಗಮನಿಸಿ: ಭಾರಿ ಕೆಲಸ ನಡೆಯುತ್ತಿರುವಾಗಲೇ ಅದು ಪಕ್ಕದಲ್ಲಿ ಬರೆದಿರುವ ‘ಬೇಸ್ ಸ್ಪೀಡ್’ಗಿಂತ ಬಹಳ ಕೆಳಗಿಳಿದಿದ್ದರೆ ಶಾಖವೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಚಾರ್ಜರ್ ಮೂಲದ್ದಲ್ಲದೆ ಕಡಿಮೆ ವ್ಯಾಟಿನದಾಗಿದ್ದರೂ ವೇಗ ಹೀಗೆ ಇಳಿಯುವುದುಂಟು, ಆದ್ದರಿಂದ ಅದರ ಮೇಲಿನ ಅಂಕಿಗಳನ್ನೂ ಒಮ್ಮೆ ತಾಳೆ ನೋಡಿ.

ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರೆ ಮೇಲ್ನೋಟಕ್ಕೆ ಧೂಳು ಅಷ್ಟೇನೂ ಕಾಣದಿರಬಹುದು. ನೋಡಬೇಕಾದ ಜಾಗ ಫ್ಯಾನಿನ ಬಾಯಿಗೂ ತಾಮ್ರದ ಕೊಳವೆಯ ತುದಿಯಲ್ಲಿರುವ ತೆಳು ಲೋಹದ ಎಲೆಗಳಿಗೂ ನಡುವೆ ಇದೆ. ಅಲ್ಲಿ ನೂಲು, ಕೂದಲು, ಧೂಳು ಸೇರಿ ಬೂದು ಬಣ್ಣದ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಚಿಮುಟದಲ್ಲಿ ಎಳೆದರೆ ಒಂದೇ ಪಟ್ಟಿಯಾಗಿ ಬರುತ್ತದೆ. ಫ್ಯಾನ್ ಎಷ್ಟು ಕೂಗಿದರೂ ಗಾಳಿ ಹೊರಗೆ ಹೋಗದಿರಲು ಅಷ್ಟು ಸಾಕು. ಬಿಚ್ಚುವ ಮುನ್ನ ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಒಳಗಿನ ಬ್ಯಾಟರಿಯ ಸಂಪರ್ಕ ತೆಗೆಯಿರಿ, ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಪ್ರೊಸೆಸರಿನ ಮೇಲಿನ, ಶಾಖವನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುವ ಸಂಭವವಿದೆ. ಅದನ್ನು ಬದಲಿಸುವುದು ಕೈಪಳಗಿದವರ ಕೆಲಸ. ಬ್ಯಾಟರಿ ಉಬ್ಬಿರುವುದು ಕಂಡರೆ ಕೂಡಲೇ ಬಳಕೆ ನಿಲ್ಲಿಸಿ, ಅದನ್ನು ಒತ್ತಬೇಡಿ, ಚುಚ್ಚಬೇಡಿ.

ಮತ್ತು ದಯವಿಟ್ಟು ಹಾಸಿಗೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ. ಗಾಳಿ ಎಳೆದುಕೊಳ್ಳುವ ಕಿಂಡಿಗಳು ಕೆಳಭಾಗದಲ್ಲಿರುತ್ತವೆ.

ಪ್ರಶ್ನೆ: ಪ್ರತಿ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುತ್ತೇನೆ. ಆದರೂ ಟಾಸ್ಕ್ ಮ್ಯಾನೇಜರ್ 19 ದಿನಗಳಿಂದ ಚಾಲನೆಯಲ್ಲಿದೆ ಎಂದು ತೋರಿಸುತ್ತದೆ. ಇದು ಹೇಗೆ?
– ಗೃಹಿಣಿ, ಮೈಸೂರು

ಉತ್ತರ: ನೀವು ಇದನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂದಿದೆ. ಇದು ಚಾಲೂ ಇದ್ದಾಗ ಶಟ್‌ಡೌನ್ ಮಾಡಿದರೆ ನಿಮ್ಮ ತೆರೆದ ಕೆಲಸಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳಿನ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಎದ್ದು ಬರುತ್ತದೆ. ಹಿಂದಿನ ದಿನ ಸಿಕ್ಕಿಕೊಂಡ ಡ್ರೈವರ್ (ಪ್ರಿಂಟರ್ ಮುಂತಾದ ಭಾಗಗಳನ್ನು ನಡೆಸುವ ತಂತ್ರಾಂಶ) ಇಂದೂ ಸಿಕ್ಕಿಕೊಂಡೇ ಇರಬಹುದು. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು.

ಪ್ರಶ್ನೆ: ಕಂಪ್ಯೂಟರಿನಲ್ಲಿ 1,200 ದೋಷಗಳಿವೆ, ಸರಿಪಡಿಸಲು ಹಣ ಕಟ್ಟಿ ಎಂಬ ಸೂಚನೆ ಪದೇ ಪದೇ ಬರುತ್ತದೆ. ಜೊತೆಗೆ ಒಂದು ಫೋನ್ ಸಂಖ್ಯೆಯೂ ಇದೆ.
– ಓದುಗರೊಬ್ಬರು, ಉಡುಪಿ

ಉತ್ತರ: ಹಣ ಕಟ್ಟಬೇಡಿ, ಆ ಸಂಖ್ಯೆಗೆ ಕರೆ ಮಾಡಬೇಡಿ, ಯಾರು ಹೇಳಿದರೂ ದೂರದಿಂದ ನಿಮ್ಮ ಪರದೆ ನೋಡುವ ಆ್ಯಪ್ ಹಾಕಿಕೊಳ್ಳಬೇಡಿ. ವಿಂಡೋಸ್ ಎಂದಿಗೂ ಪರದೆಯ ಮೇಲೆ ಫೋನ್ ಸಂಖ್ಯೆ ಕೊಟ್ಟು ಕರೆಯುವಂತೆ ಹೇಳುವುದಿಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ಕೋಶ) ಶುಚಿಗೊಳಿಸುತ್ತೇವೆ ಎನ್ನುವ ತಂತ್ರಾಂಶಗಳಿಂದ ವೇಗ ಹೆಚ್ಚುವುದಿಲ್ಲ. ಅಂಥವುಗಳ ಬಳಕೆಯನ್ನು ಮೈಕ್ರೊಸಾಫ್ಟ್ ಕೂಡ ಬೆಂಬಲಿಸುವುದಿಲ್ಲ. ಇತ್ತೀಚೆಗೆ ಹಾಕಿಕೊಂಡ ತಂತ್ರಾಂಶಗಳ ಪಟ್ಟಿಯಲ್ಲಿ ಅದನ್ನು ಹುಡುಕಿ ತೆಗೆಯಿರಿ, ಬ್ರೌಸರಿನಲ್ಲಿ ‘ನೋಟಿಫಿಕೇಷನ್’ ಅನುಮತಿ ಪಡೆದ ಅಪರಿಚಿತ ತಾಣಗಳನ್ನೂ ತೆಗೆದುಹಾಕಿ, ಆಮೇಲೆ ವಿಂಡೋಸ್‌ನಲ್ಲಿಯೇ ಇರುವ ಡಿಫೆಂಡರ್‌ನಿಂದ ಪೂರ್ಣ ತಪಾಸಣೆ ಮಾಡಿಸಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲವಂತೆ. ಹಾಗಿದ್ದರೆ ಅದನ್ನು ಗುಜರಿಗೆ ಹಾಕುವುದೊಂದೇ ದಾರಿಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಭದ್ರತಾ ಪರಿಷ್ಕರಣೆಗಳೂ ಸೇರಿದಂತೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್‌ನಲ್ಲಿ, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೇ ಪೀಳಿಗೆ ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. ಶಿವಮೊಗ್ಗದ ಗುರುಗಳಿಗೂ ಈ ಮಾತು ಅನ್ವಯಿಸುತ್ತದೆ. ಚೆನ್ನಾಗಿ ದುಡಿಯುವ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಪತ್ರ ಬರೆಯುವುದು, ಅಂತರಜಾಲ ನೋಡುವುದು, ವಿಡಿಯೊ ನೋಡುವುದು ಇಷ್ಟೇ ನಿಮ್ಮ ಬಳಕೆಯಾಗಿದ್ದರೆ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್ಎಫ್‌ಸಿಇ ಆವೃತ್ತಿಯನ್ನು ಪೆನ್ ಡ್ರೈವಿಗೆ ಹಾಕಿ, ಡಿಸ್ಕನ್ನು ಮುಟ್ಟದೆಯೇ ಅದರಿಂದ ನೇರವಾಗಿ ಓಡಿಸಿ ನೋಡಿ. ನುಡಿ ತಂತ್ರಾಂಶಕ್ಕೆ ಒಗ್ಗಿದ ಬೆರಳುಗಳಿಗೆ ಅಲ್ಲಿ ಕಗಪ ಕೀಲಿವಿನ್ಯಾಸ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದಲೇ ಬಂದದ್ದು ಅದು. ಆದರೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳಿದ್ದರೆ ಅವುಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಉಳಿಸಿಕೊಳ್ಳಿ.

ಪ್ರಶ್ನೆ: ಇಂಟರ್ನೆಟ್ ನಿಧಾನ, ಅರ್ಧಕ್ಕರ್ಧ ತಾಣಗಳು ತೆರೆಯುವುದೇ ಇಲ್ಲ. ಫೋನಿನಲ್ಲಿ ಎಲ್ಲವೂ ಸರಿಯಾಗಿದೆ.
– ಓದುಗರೊಬ್ಬರು, ಕಲಬುರಗಿ

ಉತ್ತರ: ಪರದೆಯ ಮೂಲೆಯಲ್ಲಿ ಕಾಣುವ ದಿನಾಂಕವನ್ನು ಒಮ್ಮೆ ನೋಡಿ. ಅದು ಹಲವು ವರ್ಷ ಹಿಂದಿನದಾಗಿದ್ದರೆ ಬ್ರೌಸರ್ ತಾಣಗಳ ಭದ್ರತಾ ಪ್ರಮಾಣಪತ್ರಗಳನ್ನು ಒಪ್ಪುವುದಿಲ್ಲ, ಹಾಗಾಗಿ ಪುಟಗಳು ತೆರೆಯುವುದಿಲ್ಲ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಮುಗಿದಾಗ, ಕರೆಂಟು ಹೋದೊಡನೆ ಕಂಪ್ಯೂಟರ್ ತಾರೀಖು ಮರೆಯುತ್ತದೆ. ಈ ಸೆಲ್ ಗಡಿಯಾರ ರಿಪೇರಿ ಅಂಗಡಿಯಲ್ಲಿಯೂ ಸಿಗುತ್ತದೆ. ಪ್ಲಗ್ ತೆಗೆದು, ಬರಹವಿರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ, ದಿನಾಂಕ ಸರಿಪಡಿಸಿ. ಆಮೇಲೆ ಒಂದು ರಾತ್ರಿ ಪ್ಲಗ್ ತೆಗೆದೇ ಇಟ್ಟು, ಬೆಳಗ್ಗೆ ತಾರೀಖು ಸರಿಯಾಗಿ ನಿಂತಿದೆಯೇ ನೋಡಿ.